ಬಾಗಿಲು ಹಾಕಿಕೊಳ್ಳುವ ಕೋಣೆ

ಮನೆ ನೋಡಲು ಹೋಗುವವನ ಕೈಯಲ್ಲಿ ಅಳತೆಯ ಟೇಪು ಇರಬೇಕೆಂಬುದನ್ನು ನನಗೆ ಕಲಿಸಿದವಳು ನನ್ನ ಹೆಂಡತಿ. ಅದಕ್ಕೆ ಮೊದಲು ನಾನು ಸ್ಟೇಷನ್ನಿನಿಂದ ಎಷ್ಟು ನಿಮಿಷ, ನೀರು ಎಷ್ಟು ಹೊತ್ತು ಬರುತ್ತದೆ, ಎಷ್ಟನೆಯ ಮಾಳಿಗೆ, ಇಷ್ಟನ್ನೇ ಕೇಳುವ ಜಾತಿಯವನು. ಮುಂಬಯಿಯಲ್ಲಿ ಹುಟ್ಟಿ ಬೆಳೆದವರೆಲ್ಲ ಬಹುಶಃ ಹೀಗೆಯೇ. ಮನೆಯೊಳಗೆ ಏನಿದೆ ಎಂಬುದಕ್ಕಿಂತ ಮನೆ ಎಲ್ಲಿದೆ ಎಂಬುದೇ ನಮಗೆ ಮುಖ್ಯ. 2020ರ ಡಿಸೆಂಬರಿನಲ್ಲಿ ಬದಲಾಪುರದ ಒಂದು ಹೊಸ ಕಟ್ಟಡದ ಐದನೆಯ ಮಾಳಿಗೆಯಲ್ಲಿ, ಇನ್ನೂ ಬಣ್ಣದ ವಾಸನೆ ಆರದ ಫ್ಲಾಟಿನಲ್ಲಿ, ಆಕೆ ಟೇಪಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು ಇನ್ನೊಂದು ತುದಿಯನ್ನು ಎಳೆದುಕೊಂಡು ಗೋಡೆಯ ತನಕ ಹೋದಳು. "ಎಂಟಡಿ, ಒಂಬತ್ತಡಿ. ಒಂದು ಮೇಜು ಹಿಡಿಯುತ್ತದೆ. ಬಾಗಿಲು ಹಾಕಿಕೊಳ್ಳಬಹುದು," ಎಂದಳು. ದಲ್ಲಾಳಿ ಕಿಟಕಿಯಾಚೆಯ ಗುಡ್ಡವನ್ನೂ ಉಲ್ಲಾಸ ನದಿಯ ಗಾಳಿಯನ್ನೂ ವರ್ಣಿಸುತ್ತಿದ್ದ. ನಾವಿಬ್ಬರೂ ನೋಡುತ್ತಿದ್ದದ್ದು ಆ ಬಾಗಿಲನ್ನು.

ಆ ಬಾಗಿಲಿಗೆ ಅಷ್ಟು ಬೆಲೆ ಯಾಕೆ ಬಂತೆಂದು ತಿಳಿಯಬೇಕಾದರೆ ಅದುವರೆಗೆ ನಾವಿದ್ದ ಮನೆಯ ವಿಚಾರ ಹೇಳಬೇಕು. ದಾದರಿನಿಂದ ಹೆಚ್ಚು ದೂರವಿಲ್ಲದ ಒಂದು ಸರಕಾರಿ ವಸಾಹತಿನಲ್ಲಿ ನಮಗೆ ಟೈಪ್ ಎರಡರ ಕ್ವಾರ್ಟರ್ಸು. ನಾಲ್ಕನೆಯ ಮಾಳಿಗೆ, ಲಿಫ್ಟಿಲ್ಲ. ಒಂದು ಹೊರಕೋಣೆ, ಒಂದು ಮಲಗುವ ಕೋಣೆ, ಅಡಿಗೆಮನೆ, ಬಟ್ಟೆ ಒಣಗಿಸುವಷ್ಟು ಬಾಲ್ಕನಿ. ಎರಡು ಕೋಣೆಗಳ ನಡುವೆ ಒಂದು ಬಾಗಿಲು ಇದ್ದದ್ದು ನಿಜ. ಆದರೆ ಮಲಗುವ ಕೋಣೆಯನ್ನು ದಾಟದೆ ಬಚ್ಚಲಿಗೆ ಹೋಗುವಂತಿರಲಿಲ್ಲವಾದ್ದರಿಂದ ಹಗಲು ಹೊತ್ತು ಅದನ್ನು ಹಾಕಿದ ನೆನಪು ಯಾರಿಗೂ ಇಲ್ಲ. ನಾವು ಐದು ಜನ. ಅಪ್ಪಯ್ಯ, ನಾನು, ನನ್ನ ಹೆಂಡತಿ, ಮಗಳು, ಮಗ. ಹನ್ನೊಂದು ವರ್ಷ ಅಲ್ಲಿ ಸುಖವಾಗಿಯೇ ಇದ್ದೆವು. ಜಾಗ ಸಾಲದೆಂದು ಜಗಳವಾಡಿದ್ದು ಹಬ್ಬಕ್ಕೆ ನೆಂಟರು ಬಂದಾಗ ಮಾತ್ರ.

ಆ ಸುಖದ ಗುಟ್ಟು ನನಗೆ ಹೊಳೆದದ್ದು ಅದು ಕೈತಪ್ಪಿದ ಮೇಲೆ. ಐವರೂ ಎಚ್ಚರವಾಗಿ ಒಟ್ಟಿಗೆ ಮನೆಯಲ್ಲಿರುತ್ತಿದ್ದದ್ದು ದಿನಕ್ಕೆ ಹೆಚ್ಚೆಂದರೆ ಎರಡು ಗಂಟೆ. ನಾನು ಒಂಬತ್ತಕ್ಕೆ ಹೊರಡುತ್ತಿದ್ದೆ, ಹೆಂಡತಿ ಅಂಧೇರಿಯ ಖಾಸಗಿ ಕಂಪೆನಿಯ ಲೆಕ್ಕಪತ್ರ ವಿಭಾಗಕ್ಕೆ ಎಂಟೂವರೆಗೆ. ಮಕ್ಕಳು ಶಾಲೆ, ಆಮೇಲೆ ಟ್ಯೂಷನ್ನು, ಆಮೇಲೆ ಕೆಳಗೆ ಕ್ರಿಕೆಟ್ಟು. ಅಪ್ಪಯ್ಯನಂತೂ ಆರೂವರೆಗೆ ಇಳಿದು ಹೋದರೆ ವಸಾಹತಿನ ಕಲ್ಲುಬೆಂಚು, ಮಾಟುಂಗಾದ ಕಾಫಿ, ದೇವಸ್ಥಾನ, ವಾಚನಾಲಯದ ಕನ್ನಡ ಪತ್ರಿಕೆ, ಹೀಗೆ ಸುತ್ತಿ ಊಟಕ್ಕೆ ಬರುತ್ತಿದ್ದರು. ನಾಲ್ಕಕ್ಕೆ ಮತ್ತೆ ಕೆಳಗೆ. ನಮ್ಮ ಮನೆಯ ಮಿಕ್ಕ ಕೋಣೆಗಳು ಊರ ತುಂಬ ಹರಡಿಕೊಂಡಿದ್ದವು. ಅವುಗಳ ಬಾಡಿಗೆಯನ್ನು ಬೇರೆ ಯಾರೋ ಕಟ್ಟುತ್ತಿದ್ದರು.

ಮುಂಬಯಿಯ ಸಣ್ಣ ಮನೆಗಳೆಲ್ಲ ನಡೆದುಬಂದದ್ದೇ ಹೀಗೆ. ಅಪ್ಪಯ್ಯ ಕುಂದಾಪುರದ ಕಡೆಯಿಂದ 1957ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ಕೋಟೆ ಭಾಗದ ಒಂದು ಹೋಟೆಲಿಗೆ ಮಾಣಿಯಾಗಿ ಬಂದವರು. ರಾತ್ರಿ ಗಿರಾಕಿಗಳು ಹೋದ ಮೇಲೆ ಅದೇ ಮೇಜುಗಳನ್ನು ಒರೆಸಿ ಜೋಡಿಸಿ ಮಲಗುತ್ತಿದ್ದರಂತೆ. ಕೆಲಸದ ಜಾಗವೂ ವಾಸದ ಜಾಗವೂ ಒಂದೇ ಆಗಿರುವುದು ಈ ಕಾಲದ ಹೊಸ ಶೋಧವೆಂದು ಯಾರಾದರೂ ಹೇಳಿದರೆ ನನಗೆ ನಗು ಬರುವುದು ಅದಕ್ಕೇ. ಆದರೆ ಓದಿಗೆ ಮಾತ್ರ ಹೋಟೆಲಿನಲ್ಲಿ ಜಾಗವಿರಲಿಲ್ಲ. ಅದಕ್ಕೆ ಕನ್ನಡಿಗರು ರಾತ್ರಿಶಾಲೆಗಳನ್ನು ತೆರೆದರು. ಹಗಲೆಲ್ಲ ಲೋಟ ತೊಳೆದ ಕೈಗಳು ರಾತ್ರಿ ಬೆಂಚಿನ ಮೇಲೆ ಕೂತು ಲೆಕ್ಕ ಮಾಡಿದವು. ಅಪ್ಪಯ್ಯನೂ ಅಲ್ಲಿಯೇ ಕಲಿತು ಮುಂದೆ ಗಲ್ಲೆಯ ಮೇಲೆ ಕೂತುಕೊಳ್ಳುವಷ್ಟಾದರು. ಪರಳದ ಚಾಳಿನಲ್ಲಿ ಹತ್ತಡಿಗೆ ಹದಿನಾರಡಿ ಖೋಲಿ ಹಿಡಿದರು, ಅಮ್ಮನನ್ನು ಕರೆತಂದರು. ನಾನು ಹುಟ್ಟಿದ್ದು, ಬಿ.ಎಸ್‌ಸಿ. ಮುಗಿಸಿದ್ದು ಆ ಖೋಲಿಯಲ್ಲಿ. ಮುಗಿಸಿದ್ದು ಎಂದೆನೇ ಹೊರತು ಓದಿದ್ದು ಎನ್ನಲಿಲ್ಲ. ಓದಿದ್ದು ಹತ್ತಿರದ ಅಭ್ಯಾಸಿಕೆಯಲ್ಲಿ. ಚಾಳಿನ ಮಕ್ಕಳಿಗೆ ಮನೆಯಲ್ಲಿ ಓದಲು ಮೂಲೆಯಿಲ್ಲವೆಂಬುದನ್ನು ಒಪ್ಪಿಕೊಂಡೇ ಈ ಊರು ಅಲ್ಲಲ್ಲಿ ಅಭ್ಯಾಸಿಕೆಗಳನ್ನು ಇಟ್ಟಿದೆ. ಟ್ಯೂಬ್‌ಲೈಟು, ಪಂಖ, ಉದ್ದನೆಯ ಮೇಜು, ಮಾತಾಡಿದರೆ ಗದರಿಸಲು ಒಬ್ಬ ಮುದುಕ. ನನ್ನ ಉಷ್ಣಶಾಸ್ತ್ರವೆಲ್ಲ ಅಲ್ಲಿಯದು.

ದೂರದಿಂದ ಕಲಿಯುವುದು ಕೂಡ ನಮ್ಮವರಿಗೆ ಹೊಸತಲ್ಲ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ಮೂಲಕ ಶಿಕ್ಷಣ ಆರಂಭಿಸಿತು. 1996ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಬೇರು ಅದರಲ್ಲಿದೆ. ನನ್ನ ಚಿಕ್ಕಪ್ಪ ಮುಂಬಯಿಯಲ್ಲಿ ಕೆಲಸದಲ್ಲಿದ್ದಾಗ ಹಾಗೆಯೇ ಬಿ.ಎ. ಮಾಡಿದರು. ಮೈಸೂರಿನಿಂದ ಪಾಠಗಳ ಕಟ್ಟು ಟಪಾಲಿನಲ್ಲಿ ಬರುತ್ತಿತ್ತು. ಅದನ್ನವರು ಹಾಸಿಗೆಯ ಕೆಳಗಿಟ್ಟು, ಕೋಣೆಯ ಮಿಕ್ಕ ಆರು ಜನ ಮಲಗಿದ ಮೇಲೆ ತೆಗೆದು ಓದುತ್ತಿದ್ದರು. ಇದರಲ್ಲಿ ಒಂದು ದೊಡ್ಡ ಅನುಕೂಲವಿತ್ತು ನೋಡಿ. ಲಕೋಟೆಯೊಳಗಿನ ಪಾಠ ಕಾಯುತ್ತದೆ. ಮನೆಯ ಗದ್ದಲ ಅಡಗಿ, ಕಿಟಕಿಯ ಕಟ್ಟೆ ಖಾಲಿಯಾದಾಗ ತೆರೆದರೆ ಸಾಕು. ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಮುಖ ತೋರಿಸು, ಹಿಂದೆ ಗೋಡೆ ಚೊಕ್ಕಟವಾಗಿರಲಿ, ಸುತ್ತ ಸದ್ದಿರಬಾರದು ಎಂದು ಅದು ಕೇಳುತ್ತಿರಲಿಲ್ಲ. ಹಳೆಯ ದೂರಶಿಕ್ಷಣ ಮನೆಯಲ್ಲಿ ಉಳಿದ ಹೊತ್ತನ್ನು ಬಳಸಿಕೊಂಡಿತು. ಹೊಸತು ಬಂದದ್ದೇ ಕೋಣೆ ಕೇಳಿತು.

2020ರ ಮಾರ್ಚಿನಲ್ಲಿ ಮಿಕ್ಕ ಕೋಣೆಗಳೆಲ್ಲ ಒಂದೇ ವಾರದಲ್ಲಿ ಮುಚ್ಚಿಹೋದವು. ಶಾಲೆ, ವಾಚನಾಲಯ, ದೇವಸ್ಥಾನ, ಕಾಫಿ ಹೋಟೆಲು, ಕೊನೆಗೆ ಲೋಕಲ್ ಗಾಡಿ. ಮಾರ್ಚ್ 19ರ ಆದೇಶದಂತೆ ನಮ್ಮಂಥ ಕೆಳದರ್ಜೆಯ ಕೇಂದ್ರ ನೌಕರರಲ್ಲಿ ಅರ್ಧ ಜನ ಕಚೇರಿಗೆ, ಅರ್ಧ ಜನ ಮನೆಯಲ್ಲಿ, ಮನೆಯಲ್ಲಿದ್ದವರು ಸದಾ ಫೋನಿಗೆ ಸಿಗಬೇಕು. ಅದಾದ ಆರು ದಿನಕ್ಕೆ ದೇಶಕ್ಕೇ ಬೀಗ. ನನ್ನಂಥ ಗುಮಾಸ್ತನಿಗೆ ಮನೆಯಿಂದ ಕೆಲಸವೆಂದರೆ ಹಾಸ್ಯವೇ. ಫೈಲುಗಳು ಕಚೇರಿಯ ಕಪಾಟಿನಲ್ಲಿ, ಬೀಗದ ಕೈ ನನ್ನ ಜೇಬಿನಲ್ಲಿ. ಆದರೂ ಫೋನಿಗೆ ಸಿಗಬೇಕಲ್ಲ. ಜೂನಿನಲ್ಲಿ ಪಾಠ ಶುರುವಾದ ಮೇಲೆ ಅದೇ ಫೋನು ಐದನೆಯ ತರಗತಿಯ ನನ್ನ ಮಗನ ಶಾಲೆಯೂ ಆಯಿತು. ಪರಿಸರ ಅಧ್ಯಯನದ ನಡುವೆ ಬಂದ ಮೇಲಧಿಕಾರಿಯ ಕರೆಯನ್ನು ಅವನು ಮೂರು ಸಲ ಕತ್ತರಿಸಿದ. ನಾಲ್ಕನೆಯ ಸಲ ಎತ್ತಿ, "ಪಪ್ಪ ಬೇಳೆ ತೊಳೀತಿದ್ದಾರೆ," ಎಂದು ಹಿಂದಿಯಲ್ಲಿ ವರದಿ ಒಪ್ಪಿಸಿದ.

ಹೆಂಡತಿಯ ಕಂಪೆನಿ ಒಂದು ಲ್ಯಾಪ್‌ಟಾಪು ಕಳಿಸಿ ಕೈತೊಳೆದುಕೊಂಡಿತು. ಆಕೆ ಮಲಗುವ ಕೋಣೆಯ ಮಂಚದ ತುದಿಯಲ್ಲಿ, ಇಸ್ತ್ರಿ ಮಾಡುವ ಹಲಗೆಯನ್ನು ಮೇಜು ಮಾಡಿಕೊಂಡು ಕೂತಳು. ಮಗಳಿಗೆ ಆ ವರ್ಷ ಹತ್ತನೆಯ ತರಗತಿ; ಅವಳಿಗೆ ಹೊರಕೋಣೆಯ ಕಿಟಕಿ. ಮಗನಿಗೆ ಅಡಿಗೆಮನೆಯ ನೆಲ. ಬಚ್ಚಲಿಗೆ ಹೋಗುವವರು ಬಗ್ಗಿಕೊಂಡು, ಕ್ಯಾಮರಾಕ್ಕೆ ಸಿಗದಂತೆ, ಕಳ್ಳರ ಹಾಗೆ ಹೋಗಬೇಕು. ಅನಿಲಕ್ಕೆ ತನ್ನದೇ ಆದ ಗಾತ್ರವಿಲ್ಲ, ತುಂಬಿಸಿದ ಪಾತ್ರೆಯಷ್ಟೂ ಅದೇ ಆಗುತ್ತದೆ ಎಂದು ನಾನು ಅಭ್ಯಾಸಿಕೆಯಲ್ಲಿ ಬಾಯಿಪಾಠ ಮಾಡಿದ್ದೆ. ಕಚೇರಿ ಕೆಲಸವೂ ಅನಿಲವೆಂದು ಆಗ ತಿಳಿಯಿತು. ಅಂಧೇರಿಯಲ್ಲಿ ಅದನ್ನು ಒಂದು ಕಟ್ಟಡ ಹಿಡಿದಿಟ್ಟಿತ್ತು. ಇಲ್ಲಿ ಅದು ಅಡಿಗೆಮನೆಗೂ ಬಂತು, ರಾತ್ರಿ ಹತ್ತಕ್ಕೂ ಬಂತು.

ಇಷ್ಟರ ನಡುವೆ ಅಪ್ಪಯ್ಯ. ಎಪ್ಪತ್ತಾರು ವರ್ಷ, ಕಿವಿ ಮಂದ. ಕಿವಿ ಮಂದವಾದವರ ದನಿ ಎಷ್ಟು ದೊಡ್ಡದೆಂದು ನಿಮಗೆ ಗೊತ್ತಿದೆ. ಅವರಿಗೆ ಕೆಳಗೆ ಹೋಗುವಂತಿಲ್ಲ, ಕಲ್ಲುಬೆಂಚಿಗೆ ಅಡ್ಡಲಾಗಿ ಹಗ್ಗ ಕಟ್ಟಿದ್ದರು. ಟಿ.ವಿ. ಹಾಕುವಂತಿಲ್ಲ, ಊರಿಗೆ ಫೋನು ಮಾಡುವಂತಿಲ್ಲ, ಕೆಮ್ಮುವಂತಿಲ್ಲ. ಆ ದಿನಗಳಲ್ಲಿ ಕೆಮ್ಮಿದರೆ ಬೇರೆಯೇ ಗಾಬರಿ. ಸೆಪ್ಟೆಂಬರಿನ ಒಂದು ದಿನ ಮಗಳ ಗಣಿತದ ಪಾಠ ನಡೆಯುತ್ತಿತ್ತು. ಟೀಚರು ಪ್ರಶ್ನೆ ಕೇಳಿ ಇವಳ ಹೆಸರು ಕರೆದರು, ಇವಳು ಮೈಕು ತೆರೆದಳು. ಅದೇ ಗಳಿಗೆಗೆ ಅಪ್ಪಯ್ಯ, ಅಡಿಗೆಮನೆಯಲ್ಲಿದ್ದ ನನಗೆ ಕೇಳಲೆಂದು, ಹೋಟೆಲಿನಲ್ಲಿ ಗಲ್ಲೆಯಿಂದ ಒಳಗೆ ಆರ್ಡರು ಕೂಗುತ್ತಿದ್ದ ದನಿಯಲ್ಲಿ, "ಮಗಾ, ಗಂಜಿ ಆಯ್ತಾ?" ಎಂದರು. ಐವತ್ತು ಮಕ್ಕಳಿಗೆ ಕೇಳಿಸಿತು. ಭಾಷೆ ತಿಳಿಯದಿದ್ದರೂ ದನಿಯನ್ನು ಅವರು ಹಿಡಿದುಕೊಂಡರು. ಒಂದು ವಾರ ಅವಳ ಹೆಸರೇ ಗಂಜಿ ಎಂದಾಯಿತು. ಅವಳು ಅತ್ತಳು. ಹುಟ್ಟಿದಂದಿನಿಂದ ಅವರ ಮಡಿಲಲ್ಲೇ ಬೆಳೆದವಳು ಅಂದು, "ಅಜ್ಜಯ್ಯ, ನೀವು ಸುಮ್ಮನೆ ಕೂತಿರಕ್ಕೆ ಆಗೋದಿಲ್ವಾ?" ಎಂದಳು. ಅವರು ಸುಮ್ಮನಾದರು. ಮಾರನೆಯ ದಿನದಿಂದ ಪಾಠ ಶುರುವಾದೊಡನೆ ಮನೆಯ ಹೊರಗೆ ಮೆಟ್ಟಲ ಮೇಲೆ ಹೋಗಿ ಕೂರತೊಡಗಿದರು, ಮಧ್ಯಾಹ್ನದ ತನಕ.

ದೀಪಾವಳಿ ಕಳೆದ ಮೇಲೆ ಒಂದು ರಾತ್ರಿ, "ನಾ ಊರಿಗ್ ಹೋತೆ ಮಗಾ. ಹೆಣ್ಣಿನ ಪರೀಕ್ಷೆ ಮುಗಿಲಿ, ಆಮೇಲೆ ಕಾಂಬ," ಎಂದರು. ಚಿಕ್ಕಪ್ಪ ನಿವೃತ್ತರಾಗಿ ಊರ ಮನೆಯಲ್ಲಿ ನೆಲೆಸಿದ್ದರು. ಬರಹೇಳಿ ಅವರೂ ಫೋನು ಮಾಡಿದ್ದರು. ಹೋಗಬೇಡಿ ಎಂದು ನಾನು ಎರಡು ಸಲ ಹೇಳಿದೆ. ಮೂರನೆಯ ಸಲ ಹೇಳಲಿಲ್ಲ. ನನ್ನ ಹೆಂಡತಿಯೂ, "ಮಾವಯ್ಯ, ಚಳಿ ಕಳೆದ ಮೇಲೆ ಹೋದರಾಗದೇ?" ಎಂದು ಒಂದು ಸಲ ಕೇಳಿ ಸುಮ್ಮನಾದಳು. ಅವರನ್ನು ಕೊಂಕಣ ರೈಲಿನ ವಿಶೇಷ ಗಾಡಿಗೆ ಹತ್ತಿಸಿ ಬಂದ ಮರುದಿನ ಹೊರಕೋಣೆಯಲ್ಲಿ ಅವರ ಮಂಚವನ್ನು ಮಡಚಿ ಗೋಡೆಗೆ ಒರಗಿಸಿದೆವು. ಮಗಳ ಮೇಜಿಗೆ ಜಾಗವಾಯಿತು. ಯಾರೂ ಅವರನ್ನು ಕಳಿಸಲಿಲ್ಲ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಅದು ಸುಳ್ಳಲ್ಲ.

ಬದಲಾಪುರದ ಮನೆ ನೋಡಲು ಹೊರಟದ್ದು ಇದಾದ ತಿಂಗಳಿಗೆ. ಬಾಯಿಬಿಟ್ಟು ಹೇಳದಿದ್ದರೂ ಇಬ್ಬರ ಮನಸ್ಸಿನಲ್ಲೂ ಇದ್ದದ್ದು ಮಡಚಿಟ್ಟ ಆ ಮಂಚವೇ. ಒಂದು ಕೋಣೆ ಹೆಚ್ಚಾದರೆ ಅಪ್ಪಯ್ಯ ವಾಪಸು ಬರಬಹುದು. ಆಗ ಲೋಕಲ್ ಗಾಡಿ ಎಲ್ಲರಿಗೂ ತೆರೆದಿರಲಿಲ್ಲ. ನನಗೆ ಕೇಂದ್ರ ನೌಕರನೆಂಬ ಕಾರಣಕ್ಕೆ ಜುಲೈಯಿಂದ ಅನುಮತಿ, ಹೆಂಗಸರಿಗೆ ಅಕ್ಟೋಬರ್ 21ರಿಂದ ಹನ್ನೊಂದರಿಂದ ಮೂರರವರೆಗೆ ಮತ್ತು ಸಂಜೆ ಏಳರ ನಂತರ. ಖಾಲಿ ಗಾಡಿಯಲ್ಲಿ ಕಿಟಕಿಯ ಬಳಿ ಕೂತು, ಗಾಳಿ ತಿನ್ನುತ್ತ ಬದಲಾಪುರಕ್ಕೆ ಹೋದೆವು. ಈಗ ಯೋಚಿಸಿದರೆ ನಮ್ಮನ್ನು ಕೆಡಿಸಿದ್ದು ಆ ಖಾಲಿ ಗಾಡಿ. ಮುಂಬಯಿಯ ವೀ.ಟಿ.ಯಿಂದ ಅರವತ್ತೆಂಟು ಕಿಲೋಮೀಟರು ದೂರದ ಊರು ನಮಗೆ ದೂರವೆನಿಸಲೇ ಇಲ್ಲ. ಹೆಂಡತಿಯ ಕಂಪೆನಿ ಇನ್ನು ಕಚೇರಿಯನ್ನೇ ಚಿಕ್ಕದು ಮಾಡುತ್ತದೆಂದು ಸುದ್ದಿ. ನಾನು ದಿನ ಬಿಟ್ಟು ದಿನ ಹೋದರಾಯಿತು.

ಲೆಕ್ಕವೂ ಹೊಂದಿಕೊಂಡು ಬಂತು. ಮಹಾರಾಷ್ಟ್ರ ಸರಕಾರ 2020ರ ಸೆಪ್ಟೆಂಬರಿನಿಂದ ಮುದ್ರಾಂಕ ಶುಲ್ಕವನ್ನು ಶೇಕಡಾ 3ರಷ್ಟು ಇಳಿಸಿತ್ತು. ಜನವರಿಯಿಂದ ಮಾರ್ಚ್ 31ರವರೆಗೆ ರಿಯಾಯಿತಿ ಶೇಕಡಾ 2. ನಾವು ಕರಾರು ಮಾಡಿದ್ದು ಮಾರ್ಚಿನಲ್ಲಿ. 41 ಲಕ್ಷದ ಮನೆಗೆ 82 ಸಾವಿರ ಉಳಿಯಿತು. ಬ್ಯಾಂಕಿನ ಬಡ್ಡಿ 6.8. ಇಪ್ಪತ್ತೆಂಟು ಲಕ್ಷ ಸಾಲ, ಇನ್ನೂರ ಹದಿನಾರು ಕಂತು, ತಿಂಗಳಿಗೆ 22,500. ಕ್ವಾರ್ಟರ್ಸು ಬಿಟ್ಟರೆ ಆಗ ಮೂಲ ಪಗಾರದ ಶೇಕಡಾ 24 ಮನೆಬಾಡಿಗೆ ಭತ್ಯೆ ಬರುತ್ತಿತ್ತು. ಮಿಕ್ಕ ಹದಿಮೂರು ಲಕ್ಷಕ್ಕೆ ನಮ್ಮ ಉಳಿತಾಯ, ಹೆಂಡತಿಯ ಬಂಗಾರ, ಮತ್ತೆ ಅಪ್ಪಯ್ಯನ ಮೂರು ಲಕ್ಷ. ಊರಿನಿಂದಲೇ ಠೇವಣಿ ಮುರಿದು ಕಳಿಸಿದರು. ಹಾಗಾಗಿ ಎಂಟಡಿ ಒಂಬತ್ತಡಿಯ ಆ ಕೋಣೆಗೆ ನಾವು ನಕ್ಷೆಯಲ್ಲಿಯೇ ಅಜ್ಜಯ್ಯನ ಕೋಣೆ ಎಂದು ಹೆಸರಿಟ್ಟೆವು. ನನ್ನ ಸಹೋದ್ಯೋಗಿಯೊಬ್ಬರು ಮಾತ್ರ ತಲೆ ಚಚ್ಚಿಕೊಂಡರು. ಕೆಲವೇ ನೂರು ರೂಪಾಯಿ ಶುಲ್ಕಕ್ಕೆ ಊರ ನಡುವೆ ಸಿಕ್ಕ ಕ್ವಾರ್ಟರ್ಸನ್ನು ನಿವೃತ್ತಿಗೆ ಮೊದಲೇ ಬಿಡುವವನು, ಕಲ್ಯಾಣದಲ್ಲಿ ಸಿಕ್ಕ ಸೀಟನ್ನು ಠಾಣೆಯಲ್ಲಿ ಬಿಟ್ಟು ನಿಲ್ಲುವವನು ಇಬ್ಬರೂ ಒಂದೇ ಎಂದರು. ಹೆಂಡತಿ ಸಹಿ ಮಾಡುವ ಮುನ್ನ ಒಂದೇ ಒಂದು ಅನುಮಾನ ಎತ್ತಿದ್ದಳು. 2019ರ ಜುಲೈಯಲ್ಲಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸು ನೆರೆಯಲ್ಲಿ ಸಿಕ್ಕಿಬಿದ್ದು, ಸಾವಿರಕ್ಕೂ ಮಿಕ್ಕಿ ಪ್ರಯಾಣಿಕರನ್ನು ದೋಣಿಗಳಲ್ಲಿ ತಂದದ್ದು ಬದಲಾಪುರಕ್ಕೂ ವಾಂಗಣಿಗೂ ನಡುವೆಯೇ ಅಲ್ಲವೇ ಎಂದು. ನಾವಿರುವುದು ಐದನೆಯ ಮಾಳಿಗೆ ಎಂದೆ ನಾನು.

ಏಪ್ರಿಲಿನಲ್ಲಿ ಎರಡನೆಯ ಅಲೆ ಬಂತು. ಮಹಾರಾಷ್ಟ್ರ ಸರಕಾರ ಹತ್ತನೆಯ ತರಗತಿಯ ಪರೀಕ್ಷೆಯನ್ನೇ ರದ್ದು ಮಾಡಿ, ಶಾಲೆಯವರೇ ಅಂಕ ಕೊಡಲೆಂದಿತು. ಯಾವ ಪರೀಕ್ಷೆಗಾಗಿ ಅಪ್ಪಯ್ಯ ಮಂಚ ಬಿಟ್ಟು ಹೋದರೋ ಅದು ನಡೆಯಲೇ ಇಲ್ಲ. ಮಗಳಿಗೆ ಒಳ್ಳೆಯ ಅಂಕಗಳೇ ಬಂದವು. ಅಂಕಪಟ್ಟಿ ಬಂದ ದಿನ ಅವಳೇ ಊರಿಗೆ ಫೋನು ಹಚ್ಚಿ ತುಂಬ ಹೊತ್ತು ಮಾತಾಡಿದಳು. ಏನು ಮಾತಾಡಿದಳೆಂದು ನಾನು ಕೇಳಲಿಲ್ಲ.

ಜೂನಿನಲ್ಲಿ ಬದಲಾಪುರಕ್ಕೆ ಹೋದೆವು. ಮೊದಲ ಮಳೆಗೇ ಇಂಟರ್ನೆಟ್ಟಿನ ತಂತಿ ಕಡಿದು ಮೂರು ದಿನ ಹೆಂಡತಿ ಗ್ಯಾಲರಿಯ ಒಂದು ಮೂಲೆಯಲ್ಲಿ, ಫೋನಿಗೆ ಸಿಗ್ನಲು ಸಿಗುವ ಕಡೆ, ಕೊಡೆ ಹಿಡಿದು ಕೂತು ಕೆಲಸ ಮಾಡಿದಳು. ಅದೊಂದು ಬಿಟ್ಟರೆ ಮೊದಲ ಆರು ತಿಂಗಳು ಸ್ವರ್ಗವೇ. ಹೊಸ ಕೋಣೆಯಲ್ಲಿ ಆಕೆಯ ಮೇಜು, ತಿರುಗುವ ಕುರ್ಚಿ, ಗೋಡೆಗೆ ಒಂದು ಕ್ಯಾಲೆಂಡರು. ಒಂಬತ್ತೂವರೆಗೆ ಬಾಗಿಲು ಹಾಕಿದರೆ ಮಧ್ಯಾಹ್ನ ಊಟಕ್ಕೇ ತೆರೆಯುವುದು. ಬಾಗಿಲು ಹಾಕಿದ ಸದ್ದು ನಮಗೆ ಅಭ್ಯಾಸವಾಯಿತು.

ಡಿಸೆಂಬರಿನಲ್ಲಿ ಅಪ್ಪಯ್ಯ ಬಂದರು. ಮನೆಯೆಲ್ಲ ಸುತ್ತಿ ನೋಡಿದರು, ಗೋಡೆ ತಟ್ಟಿದರು, ಗಾಳಿ ಒಳ್ಳೆಯದೆಂದರು. ರಾತ್ರಿ ಅವರ ಕೋಣೆಯಲ್ಲಿ, ಮೇಜಿನ ಪಕ್ಕದಲ್ಲಿ, ಹಳೆಯ ಮಡಚುವ ಮಂಚ ಹಾಕಿದೆವು. ಬೆಳಿಗ್ಗೆ ಒಂಬತ್ತಕ್ಕೆ ಅದನ್ನು ಮಡಚಬೇಕು. ಮಂಚ ಬಿಡಿಸಿದ್ದರೆ ಕುರ್ಚಿ ಸರಿಯುವುದಿಲ್ಲ. ಟೇಪು ಹಿಡಿದು ಅಳೆದವರು ನಾವು, ಆದರೆ ಮೇಜನ್ನೂ ಮಂಚವನ್ನೂ ಬೇರೆ ಬೇರೆಯಾಗಿ ಅಳೆದಿದ್ದೆವು. ಮೊದಲ ದಿನ ಅವರು ಹೆಗಲ ಮೇಲೆ ಟವಲು, ಕೈಯಲ್ಲಿ ಎಲೆಯಡಿಕೆಯ ಡಬ್ಬಿ ಹಿಡಿದು ಹೊರಗೆ ಬಂದರು. ಹೊರಕೋಣೆಯಲ್ಲಿ ಮಗಳ ಕಾಲೇಜು ಆನ್‌ಲೈನಿನಲ್ಲಿ ನಡೆಯುತ್ತಿತ್ತು. ಇನ್ನೊಂದು ಕೋಣೆಯಲ್ಲಿ ಮಗ. ನನಗೆ ಕಚೇರಿಗೆ ಹೊತ್ತಾಗಿತ್ತು, ಬೂಟು ಹಾಕಿಕೊಳ್ಳುತ್ತಿದ್ದೆ. "ನಾ ಎಲ್ಲಿ ಕೂಕಂಬುದ್?" ಎಂದರು. ದೂರಿನ ದನಿಯಲ್ಲ. ಹೋಟೆಲಿಗೆ ಬಂದ ಗಿರಾಕಿ ಖಾಲಿ ಮೇಜು ಯಾವುದೆಂದು ಕೇಳುತ್ತಾನಲ್ಲ, ಹಾಗೆ. ನಾನು ಗ್ಯಾಲರಿಗೆ ಕುರ್ಚಿ ಹಾಕಿಕೊಟ್ಟು ಗಾಡಿ ಹಿಡಿಯಲು ಓಡಿದೆ.

ಕೆಳಗೆ ಕಲ್ಲುಬೆಂಚು ಇತ್ತು. ಆದರೆ ಮಾಟುಂಗಾ ಇರಲಿಲ್ಲ. ಕನ್ನಡ ಮಾತಾಡುವ ಮುದುಕರಿರಲಿಲ್ಲ, ದಾರಿಯಲ್ಲಿ ಕಂಡು "ಏನ್ರೀ, ಊಟ ಆಯ್ತಾ?" ಎನ್ನುವ ತರಕಾರಿಯವನಿರಲಿಲ್ಲ. ಹನ್ನೆರಡು ದಿನ ಇದ್ದು ಹೋದರು. ನಾವು ಒಂದು ಕೋಣೆಯನ್ನು ಕೊಂಡಿದ್ದೆವು, ಊರ ತುಂಬ ಹರಡಿದ್ದ ಏಳೆಂಟು ಕೋಣೆಗಳನ್ನು ಬಿಟ್ಟುಕೊಟ್ಟು. ಈ ಲೆಕ್ಕ ನನಗೆ ಆಗ ಬಿಡಿಸಲು ಬರಲಿಲ್ಲ.

2022ರ ಜೂನಿನಲ್ಲಿ ಹೆಂಡತಿಯ ಕಂಪೆನಿಯಿಂದ ಒಂದು ಪುಟದ ಸುತ್ತೋಲೆ ಬಂತು. ವಾರಕ್ಕೆ ಎರಡು ದಿನ ಕಚೇರಿಗೆ ಬರಬೇಕು. ಮುಂದಿನ ವರ್ಷ ಇನ್ನೊಂದು ಪುಟ. ಈಗ ನಾಲ್ಕು ದಿನ. ಸುತ್ತೋಲೆಗಳನ್ನು ಬೆರಳಚ್ಚು ಮಾಡಿಯೇ ಹೊಟ್ಟೆ ಹೊರೆದವನು ನಾನು. ಅದನ್ನು ಹೊರಡಿಸುವುದು ಎಷ್ಟು ಸುಲಭ, ಹಿಂದೆ ತೆಗೆದುಕೊಳ್ಳುವುದು ಎಷ್ಟು ಸುಲಭ ಎಂಬುದು ನನಗಲ್ಲದೆ ಇನ್ಯಾರಿಗೆ ತಿಳಿಯಬೇಕು? ಆದರೂ ಒಂದು ಪುಟದ ಸುತ್ತೋಲೆಯನ್ನು ನಂಬಿ ಇನ್ನೂರ ಹದಿನಾರು ಕಂತಿಗೆ ಸಹಿ ಹಾಕಿದ್ದೆ. ಅತ್ತ ರಿಸರ್ವ್ ಬ್ಯಾಂಕು 2022ರ ಮೇಯಿಂದ 2023ರ ಫೆಬ್ರವರಿಯೊಳಗೆ ರೆಪೊ ದರವನ್ನು ನಾಲ್ಕರಿಂದ ಆರೂವರೆಗೆ ಏರಿಸಿತು. ನಮ್ಮ ಕಂತು 26 ಸಾವಿರ ದಾಟಿತು. 2025ರಲ್ಲಿ ದರ ಇಳಿದು ಸ್ವಲ್ಪ ಉಸಿರಾಡುವಂತಾಗಿದೆ. ಅಂಧೇರಿಯ ಕಚೇರಿಯ ಮೇಜಿನ ಬಾಡಿಗೆಯನ್ನು ಒಂದು ವರ್ಷ ನಾವು ಬದಲಾಪುರದಲ್ಲಿ ಕಟ್ಟಿದೆವು. ಈಗ ಆಕೆ ಅಂಧೇರಿಯ ಮೇಜಿನಲ್ಲೇ ಕೂರುತ್ತಾಳೆ, ಬದಲಾಪುರದ ಬಾಡಿಗೆ ಹಾಗೆಯೇ ಇದೆ. ಬೆಳಿಗ್ಗೆ ಆರೂಮುಕ್ಕಾಲಿನ ಗಾಡಿ, ಘಾಟಕೋಪರಿನಲ್ಲಿ ಇಳಿದು ಮೆಟ್ರೊ. ಹೋಗಿ ಬರುವುದಕ್ಕೆ ದಿನಕ್ಕೆ ನಾಲ್ಕು ಗಂಟೆ. ಗಾಡಿ ಖಾಲಿಯಿರುವುದಿಲ್ಲವೆಂದು ಬೇರೆ ಹೇಳಬೇಕೇ?

ಇದನ್ನೆಲ್ಲ ಗೊಣಗುವಾಗ ನನಗೆ ಸಂಕೋಚವೂ ಆಗುತ್ತದೆ. ಪರಳದ ನಮ್ಮ ಹಳೆಯ ಚಾಳಿನಲ್ಲಿ ಆ ಎರಡು ವರ್ಷ ಮೂರು ಮಕ್ಕಳಿಗೆ ಒಂದು ಫೋನು ಇದ್ದ ಮನೆಗಳಿದ್ದವು. ಮಕ್ಕಳು ಟೆರೇಸಿನ ನೀರಿನ ಟಾಕಿಯ ನೆರಳಿನಲ್ಲಿ ಕೂತು ಪಾಠ ಕೇಳಿದರು. ಹೋಟೆಲು ಮುಚ್ಚಿದಾಗ ಊರಿಗೆ ಹೋದ ಮಾಣಿಗಳಲ್ಲಿ ಕೆಲವರು ತಿರುಗಿ ಬರಲೇ ಇಲ್ಲ. ಮನೆಯ ಆಯ್ಕೆ ಎಂಬ ಮಾತನ್ನು ಆಡಲು ತಿಂಗಳ ಪಗಾರ ಬೇಕು, ಬ್ಯಾಂಕಿಗೆ ನಮ್ಮ ಮೇಲೆ ನಂಬಿಕೆ ಬೇಕು. ಅವರಿಗೆ ಯಾರೂ ಟೇಪು ಕೊಟ್ಟಿರಲಿಲ್ಲ.

ಕಳೆದ ಚೌತಿಗೆ ಊರಿಗೆ ಹೋಗಿದ್ದೆವು. ಚಿಕ್ಕಪ್ಪನ ಮಗ ಬೆಂಗಳೂರಿನ ಕಂಪೆನಿಯವನು. ಅವನಿಗೆ ಇನ್ನೂ ಮನೆಯಿಂದಲೇ ಕೆಲಸ. ಹಳೆಯ ಮನೆಯ ಮೇಲೆ ಒಂದು ಕೋಣೆ ಕಟ್ಟಿಸಿ, ಫೈಬರ್ ಹಾಕಿಸಿ, ಇನ್ವರ್ಟರು ಇಟ್ಟುಕೊಂಡಿದ್ದಾನೆ. ಅವನ ಲೆಕ್ಕ ನಮ್ಮದಕ್ಕಿಂತ ಸರಿಯಾಗಿದೆ ಎಂದು ನನಗೆ ಅನಿಸಿತು; ನಾಳೆ ಸುತ್ತೋಲೆ ಬದಲಾದರೂ ಆ ಕೋಣೆಯಲ್ಲಿ ತೆಂಗಿನಕಾಯಿ ಹಾಕಬಹುದು. ಅಪ್ಪಯ್ಯ ಕೆಳಗೆ ಜಗಲಿಯಲ್ಲಿ ಒರಗಿಕೊಂಡು ಕೂತಿದ್ದರು. ಎಂಬತ್ತು ದಾಟಿದೆ. ರೇಡಿಯೊ ಜೋರಾಗಿತ್ತು, ಮೇಲಿನಿಂದ ಕುರ್ಚಿಯ ಗಾಲಿ ಉರುಳುವ ಸದ್ದು ಬರುತ್ತಿತ್ತು, ಅದು ಅವರಿಗೆ ಕೇಳಿಸುತ್ತಿರಲಿಲ್ಲ. ಈಗ ನಿಮ್ಮ ಕೋಣೆ ವಾರಕ್ಕೆ ನಾಲ್ಕು ದಿನ ಖಾಲಿಯಪ್ಪಯ್ಯ, ಮಂಚ ಬಿಡಿಸಿಯೇ ಇಡುತ್ತೇನೆ, ಬನ್ನಿ ಎಂದೆ. ನಾನು ಎರಡು ಸಲ ಹೇಳಬೇಕಾಯಿತು. ಕೇಳಿಸಿದ ಮೇಲೆ ನಕ್ಕರು.

"ಉಳ್ದ್ ಮೂರ್ ದಿನ?" ಎಂದರು.

ಅಷ್ಟರಲ್ಲಿ ದಾರಿಯಲ್ಲಿ ಯಾರೋ ಹೋಗುತ್ತಿದ್ದರು. ಅಪ್ಪಯ್ಯ ಗಲ್ಲೆಯ ದನಿ ತೆಗೆದು, ಊಟ ಆಯ್ತಾ ಎಂದು ಅವರನ್ನು ಕೂಗಿ ಕರೆದರು. ಅವರು ಬಂದು ಜಗಲಿಯ ತುದಿಯಲ್ಲಿ ಕೂತರು. ನನ್ನ ಮಗಳು ಒಳಗಿನಿಂದ ಇಬ್ಬರಿಗೂ ನೀರು ಬೆಲ್ಲ ತಂದಿಟ್ಟಳು.